ಪ್ರಭಾರ

ಕಚೇರಿಯ ಗೋಡೆಗೆ ಕಪ್ಪು ಹಲಗೆ, ಬಿಳಿ ಪೇಂಟಿನ ಗೆರೆ:
ಮಂಜೂರು ಐದು.
ಖಾಲಿ ಎಂಬ ಮನೆಯನ್ನು ಮಾತ್ರ ಸೀಮೆಸುಣ್ಣದಲ್ಲಿ ಬರೆಯುತ್ತೇವೆ,
ಬದಲಾದೀತೆಂಬ ಆಸೆಗೆ.
ಬದಲಾಗಿದೆ. ಮೂರಿದ್ದದ್ದು ನಾಲ್ಕು.
ಬೋಸಯ್ಯನವರು ನಿವೃತ್ತರಾದ ಮಧ್ಯಾಹ್ನ
ಹಾರದ ಚೆಂಡುಹೂ ಮೇಜಿನ ಮೇಲೆ ಬಾಡುವ ಮೊದಲೇ
ನಾನೇ ಅಳಿಸಿ ಬರೆದೆ.

ಅವರ ಚೀಲವೂ ನನಗೇ ಬಂತು:
ಕ್ಲೋರಿನ್ ನೋಡುವ ಹನಿಯ ಸೀಸೆ, ಟಾರ್ಚು,
ಡ್ರಮ್ಮಿಗೆ ಅದ್ದುವ ಬಿಳಿ ಸೌಟು,
ಅರ್ಧ ತಿಂದಿಟ್ಟ ಶೇಂಗಾ ಚಿಕ್ಕಿ.
ಜೊತೆಗೆ ಹನ್ನೊಂದು ಹಳ್ಳಿ.
ಆದೇಶದಲ್ಲಿ ಇದಕ್ಕೆ ಪ್ರಭಾರ ಎಂದು ಹೆಸರು.
'ಪ್ರ' ಸರ್ಕಾರದ್ದು ಮಾರಕ್ಕ, ಉಳಿದದ್ದು ನಿಂದು,
ಅಂದು ನಕ್ಕು ಬಸ್ಸು ಹತ್ತಿದರು ಬೋಸಯ್ಯ.

ಮೊಳಕಾಲ್ಮುರಿನಲ್ಲಿ ಮಗ್ಗದ ಸದ್ದಿಗೆ ಓಣಿ ಏಳುತ್ತದೆ.
ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರ ಕಣ್ಣು
ನವಿಲುಗತ್ತಿನ ಬಣ್ಣದ ಎಳೆಯಲ್ಲಿ;
ನನ್ನದು ಹಿತ್ತಲ ಡ್ರಮ್ಮಿನಲ್ಲಿ.
ಎಂಟು ದಿನಕ್ಕೊಮ್ಮೆ ಬರುವ ನೀರನ್ನು
ಚೆಲ್ಲಿ ಅಂತ ಯಾವ ಬಾಯಲ್ಲಿ ಹೇಳಲಿ?
ಚೆಲ್ಲಿ, ಅನ್ನುತ್ತೇನೆ.
"ನಿಮ್ಮಪ್ಪ ತಂದು ತುಂಬ್ತಾನ?" ಅನ್ನುತ್ತಾಳೆ ಪೆನ್ನಮ್ಮ,
ಅಂದು, ಹಳೇ ಪಂಚೆ ಹಿಡಿದು ಸೋಸುತ್ತಾಳೆ.
ಸೊಳ್ಳೆಮರಿಗಳು ಬಟ್ಟೆಯ ಮೇಲೆ ಕೊಂಕಿ ಕೊಂಕಿ
ಅಲ್ಪವಿರಾಮಗಳ ಹಾಗೆ, ವಾಕ್ಯವಿಲ್ಲದೆ.
ಬಾಗಿಲ ಪಕ್ಕ ತಾರೀಖು ಬರೆದು ಮುಂದಕ್ಕೆ ಹೋಗಬೇಕು.
ಮೇಲಿನ ತಾರೀಖಿಗೂ ಇವತ್ತಿಗೂ ಎರಡು ತಿಂಗಳು.
ಬೆರಳು ಒದ್ದೆ ಮಾಡಿ ಒರೆಸಿದೆ, ಯಾರೂ ನೋಡದ ಹಾಗೆ.
ಪೆನ್ನಮ್ಮ ನೋಡಿದಳು.

ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಕಾಯಬೇಕು.
ಸಣ್ಣ ಸೀಸೆಗೆ ನಲ್ಲಿಯ ನೀರು ತುಂಬಿ
ಬೆಚ್ಚಗೆ ಒಂದು ಹಗಲು, ಒಂದು ರಾತ್ರಿ ಇಟ್ಟರೆ
ನೀರು ತಾನೇ ಬಾಯಿಬಿಡುತ್ತದೆ:
ಕೆಟ್ಟಿದ್ದರೆ ಕಪ್ಪು.
ಕಾಯುವವರು ಯಾರು?
ನಾಳೆ ನಾನು ರಾಂಪುರದ ಹೋಟೆಲುಗಳ ಅಡುಗೆಮನೆಯಲ್ಲಿ,
ನಾಡಿದ್ದು ದುರ್ಗದಲ್ಲಿ ಮೀಟಿಂಗು.
ಪಂಚರ್ ಅಂಗಡಿ ಮೌಲಾಲಿಯ ಮಗಳ ಕೈಗೆ ಕೊಟ್ಟೆ.
ಏಳನೇ ಕ್ಲಾಸು. ಷಮೀನಾ.
"ಮುಚ್ಚಳ ಬಿಚ್ಚಬೇಡ, ಬಣ್ಣ ಮಾತ್ರ ನೋಡು."
ಗೂಡಿನಲ್ಲಿ, ಸೀಮೆಎಣ್ಣೆ ಬುಡ್ಡಿಯ ಪಕ್ಕ
ಮೊಟ್ಟೆ ಇಡುವಷ್ಟು ಮೆತ್ತಗೆ ಇಟ್ಟಳು.

ದುರ್ಗದ ಮೀಟಿಂಗಿನಲ್ಲಿ ಫ್ಯಾನು ತಿರುಗುತ್ತಿತ್ತು.
ಖಾಲಿ ಹುದ್ದೆಗಳ ವಿವರ, ನಿಗದಿತ ನಮೂನೆಯಲ್ಲಿ, ಸಂಜೆಯೊಳಗೆ.
ಈ ವರ್ಷ ಇದು ಆರನೇ ಸಲ.
ಮಡಿಲಲ್ಲಿ ಫೋನು ನಡುಗಿತು.
"ಅಕ್ಕಾ, ಕರ್ರಗಾಯ್ತು. ಕಾಡಿಗೆ ಥರ."
ಯಾವಾಗ?
"ನಿನ್ನೆ ಸಂಜೇನೇ. ನಿಮ್ಮ ಫೋನು ಹತ್ತಲಿಲ್ಲ.
ಕಾಯಿಸಿ ಕುಡೀರಿ ಅಂತ ಓಣಿಗೆಲ್ಲ ಹೇಳ್ದೆ.
ಅರ್ಧ ಜನ ನಕ್ಕರು.
ನಲ್ಲಿ ಕಟ್ಟೆ ಮೇಲೆ ಬರ್ದೀನಿ,
ತಾರೀಖೂ ಹಾಕೀನಿ, ನಿಮ್ಮ ಥರ."

ನಮೂನೆಯಲ್ಲಿ ಏಳು ಕಾಲಂ.
ಆರನೆಯದು 'ಪ್ರಭಾರದಲ್ಲಿರುವವರು',
ಅಲ್ಲಿ ಒಂದರ ಕೆಳಗೊಂದು ನಾಲ್ಕು ಸಲ ನನ್ನ ಹೆಸರು,
ಇಂಪೊಸಿಷನ್ ಬರೆದ ಮಕ್ಕಳ ಹಾಗೆ.
ಏಳನೆಯದು ಷರಾ.
'ಏನೂ ಇಲ್ಲ' ಎಂದು ಬರೆಯುವುದು ವಾಡಿಕೆ.
ಬರೆಯಲು ಹೋದರೆ, ಪಾದದ ಕೆಳಗೆ
ಚೀಲದಲ್ಲಿ ಸೀಸೆಗಳು ಒಂದಕ್ಕೊಂದು ತಾಗಿದವು.

ಬ್ಲೀಚಿಂಗ್ ಪುಡಿಯ ಕೋಣೆ ಎಂಬತ್ತು ಕಿಲೋಮೀಟರ್ ಆಚೆ.
ಅದರ ಕೀಲಿ ನನ್ನ ಸೊಂಟದಲ್ಲಿ;
ಸ್ಟೋರ್‌ಕೀಪರ್ ಹುದ್ದೆಯೂ ಖಾಲಿ ಎಂದು
ಈಗ ಬೇರೆ ಹೇಳಬೇಕೆ?
ಷರಾ ಹಾಗೇ ಬಿಟ್ಟು ಸಹಿ ಹಾಕಿದೆ.
"ಮೇಡಂ, ಒಂದು ಕಾಲಂ ಬಾಕಿ," ಎಂದ ಗುಮಾಸ್ತ.
ಹೊರಗೆ, ಚಳ್ಳಕೆರೆ ಮೇಲೆ ಹೋಗುವ ಬಸ್ಸು
ರಿವರ್ಸ್ ತೆಗೆಯುತ್ತಿತ್ತು.
ಓಡಿದೆ.